ಮನೆಯ ಮರಗೆಲಸದ ಕೋಣೆ: ನಾಲ್ಕು ವಿನ್ಯಾಸಗಳಲ್ಲಿ ನಿಮಗೆ ಹೊಂದುವುದು ಯಾವುದು?

ಮರಗೆಲಸಕ್ಕೆಂದು ಮನೆಯಲ್ಲಿ ಒಂದು ಕೋಣೆಯನ್ನೋ ಗ್ಯಾರೇಜನ್ನೋ ಬಿಡಿಸಿಕೊಂಡವರನ್ನು ಮೊದಲು ಕಾಡುವುದು ಯಾವುದನ್ನು ಎಲ್ಲಿಡಬೇಕೆಂಬ ಪ್ರಶ್ನೆ. ಮೇಜಿನ ನಡುವಿನಿಂದ ಬ್ಲೇಡು ಮೇಲೆದ್ದಿರುವ ಗರಗಸ, ಅಂದರೆ ಟೇಬಲ್ ಸಾ, ಕೋಣೆಯ ನಡುವೆ ಇರಲೇ, ಗೋಡೆಗೆ ಒತ್ತಿ ನಿಲ್ಲಲೇ? ಎಲ್ಲ ಯಂತ್ರಗಳಿಗೂ ಗಾಲಿ ಹಾಕಿಸಿಬಿಟ್ಟರೆ ಹೇಗೆ? ದೊಡ್ಡ ಯಂತ್ರಗಳ ಗೊಡವೆಯೇ ಬೇಡವೆಂದು ಒಂದು ಗಟ್ಟಿ ಕೆಲಸದ ಮೇಜನ್ನೂ ಕೈ ಉಪಕರಣಗಳನ್ನೂ ನಂಬಿಕೊಂಡರೆ ಸಾಕಾದೀತೇ? ಈ ನಾಲ್ಕು ದಾರಿಗಳಲ್ಲೂ ಅಚ್ಚುಕಟ್ಟಾಗಿ ಕೆಲಸ ಮಾಡುವವರಿದ್ದಾರೆ. ಆದರೆ ಒಬ್ಬರಿಗೆ ಒಗ್ಗಿದ ವಿನ್ಯಾಸ ಮತ್ತೊಬ್ಬರ ಕೋಣೆಗೆ, ಮತ್ತೊಬ್ಬರ ಕೆಲಸಕ್ಕೆ ಒಗ್ಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಮೊದಲು ಮಾನದಂಡಗಳನ್ನು ಗೊತ್ತುಮಾಡಿಕೊಂಡು, ಆಮೇಲೆ ಒಂದೊಂದು ವಿನ್ಯಾಸವನ್ನೂ ತೂಗಿ ನೋಡುವುದು ಒಳ್ಳೆಯದು.

ಮೊದಲು ಅಳೆಯಬೇಕಾದದ್ದು

ಎಲ್ಲಕ್ಕಿಂತ ಮುಖ್ಯವಾದ ಮಾನದಂಡ ಮರ ಸಾಗುವ ದಾರಿ. ಯಂತ್ರದ ಉದ್ದಗಲವನ್ನಷ್ಟೇ ನೋಡಿ ಜಾಗ ಲೆಕ್ಕ ಹಾಕುವವರು ಬಹಳ ಮಂದಿ. ಇಕ್ಕಟ್ಟಿನ ಕೋಣೆಗಳು ಹುಟ್ಟುವುದು ಇಲ್ಲಿಂದಲೇ. ಟೇಬಲ್ ಸಾ ನಿಲ್ಲುವುದಕ್ಕೆ ಸುಮಾರು ಮೂರಡಿ ಚೌಕ ಸಾಕು. ಆದರೆ ಅದರಲ್ಲಿ 8 ಅಡಿಯ ಹಲಗೆಯನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ 8 ಅಡಿ, ಹಿಂದೆ 8 ಅಡಿ ತೆರವು ಬೇಕು. ನೀವು ನಿಂತು ತಳ್ಳುವ ಜಾಗವನ್ನೂ ಸೇರಿಸಿದರೆ ಒಟ್ಟು ಉದ್ದ 17–18 ಅಡಿಗೆ ಮುಟ್ಟುತ್ತದೆ. ಹಲಗೆಯನ್ನು ಕೀಸಿ ಒಂದೇ ದಪ್ಪಕ್ಕೆ ತರುವ ಪ್ಲೇನರ್‌ಗೂ ಪಟ್ಟಿಯಂಥ ಬ್ಲೇಡು ಸುತ್ತುವ ಬ್ಯಾಂಡ್ ಸಾಗೂ ಇದೇ ಲೆಕ್ಕ, ಏಕೆಂದರೆ ಇವುಗಳಲ್ಲಿ ಮರವೇ ಯಂತ್ರವನ್ನು ಹಾದು ಹೋಗುತ್ತದೆ. ಹಲಗೆಯನ್ನು ಅಡ್ಡಕ್ಕೆ ತುಂಡರಿಸುವ ಮೈಟರ್ ಸಾ ಬೇರೆ ಬಗೆಯದು. ಅಲ್ಲಿ ಮರ ಕದಲದೆ ನಿಂತಿರುತ್ತದೆ, ಬ್ಲೇಡು ಇಳಿದು ಬರುತ್ತದೆ. ಹಲಗೆ ಚಾಚುವುದು ಎಡಕ್ಕೆ ಮತ್ತು ಬಲಕ್ಕೆ. ತೂತು ಕೊರೆಯುವ ಡ್ರಿಲ್ ಪ್ರೆಸ್ ಕೂಡ ಹೀಗೆಯೇ. ಹಾಗಾಗಿ ಮರ ಮುಂದೆ–ಹಿಂದೆ ಸಾಗುವ ಯಂತ್ರಗಳು ಯಾವುವು, ಎಡ–ಬಲ ಚಾಚುವ ಯಂತ್ರಗಳು ಯಾವುವು ಎಂದು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಎರಡನೆಯ ಗುಂಪಿನವು ಗೋಡೆಗೆ ಒತ್ತಿ ನಿಂತರೂ ಏನೂ ನಷ್ಟವಿಲ್ಲ. ಮೊದಲ ಗುಂಪಿನವು ಒಂದೇ ದಾರಿಯನ್ನು ಹಂಚಿಕೊಳ್ಳುವಂತೆ ನಿಲ್ಲಬೇಕು. ಎರಡು ಯಂತ್ರಗಳನ್ನು ಒಬ್ಬರೇ ಒಂದೇ ಹೊತ್ತಿಗೆ ನಡೆಸುವುದಿಲ್ಲವಾದ್ದರಿಂದ ಈ ಹಂಚಿಕೆಯಿಂದ ತೊಂದರೆಯಾಗುವುದಿಲ್ಲ.

ಇದರ ಜೊತೆಗೇ ಕೇಳಿಕೊಳ್ಳಬೇಕಾದದ್ದು: ನಿಮ್ಮ ಕೈಯಲ್ಲಿ ತಯಾರಾಗುವ ಅತಿ ಉದ್ದದ ವಸ್ತು ಯಾವುದು? ಪುಸ್ತಕದ ಕಪಾಟು, ಮಂಚ, ಬಾಗಿಲು ಮಾಡುವವರಿಗೆ ಬೇಕಾದ ದಾರಿಯೇ ಬೇರೆ. ಪೆಟ್ಟಿಗೆ, ಸ್ಟೂಲು, ಚಿತ್ರದ ಚೌಕಟ್ಟು ಮಾಡುವವರದೇ ಬೇರೆ. ಎರಡನೆಯವರು ಅಂಗಡಿಯಿಂದ ತಂದ ಉದ್ದ ಹಲಗೆಯನ್ನು ಹೊರಗೇ ಕೈಗರಗಸದಿಂದ ಮೂರು–ನಾಲ್ಕಡಿಯ ತುಂಡುಗಳಾಗಿ ಕೊಯ್ದುಕೊಂಡರೆ ಅದೇ ಕೋಣೆ ಎರಡು ಪಟ್ಟು ದೊಡ್ಡದಾದಂತಾಗುತ್ತದೆ.

ಮರ ಒಳಗೆ ಬರುವ ಬಗೆಯೂ ಲೆಕ್ಕಕ್ಕೆ ಬರಬೇಕು. ಪೂರ್ಣ ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲ. ಅದನ್ನು ಉದ್ದ ಅಂಚಿನ ಮೇಲೆ ನಿಲ್ಲಿಸಿ ಬಾಗಿಲಿನಿಂದ ತರಬಹುದು. ಆದರೆ ಬಾಗಿಲು ದಾಟಿದ ಕೂಡಲೇ ಓಣಿಯಲ್ಲಿ ತಿರುವು ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಳಗೆ ತಂದ ಮೇಲೆ ಅಡ್ಡ ನಿಂತ ಶೀಟನ್ನು ಗೋಡೆಯ ಗುಂಟ ತಿರುಗಿಸಿ ನೆಟ್ಟಗೆ ನಿಲ್ಲಿಸುವಾಗ ಅದರ ಕರ್ಣ ಸುಮಾರು 9 ಅಡಿ ಎತ್ತರವನ್ನು ಬೇಡುತ್ತದೆ. ತಗ್ಗು ಮಾಡಿನ ಕೋಣೆಯಲ್ಲಿ ಶೀಟುಗಳನ್ನು ಅಡ್ಡಲಾಗಿಯೇ ಇಡುವ ಜಾಗ ಹುಡುಕಬೇಕಾಗುತ್ತದೆ.

ಮೂರನೆಯದು ಧೂಳು. ಇದನ್ನು ಕಸ ಗುಡಿಸುವ ಕೆಲಸವೆಂದು ಎಣಿಸುವುದು ತಪ್ಪು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನೆಲದ ಮೇಲೆ ಬಿದ್ದ ಹೊಟ್ಟು ಕಣ್ಣಿಗೆ ಕಾಣುತ್ತದೆ; ಶ್ವಾಸಕೋಶದ ಆಳಕ್ಕೆ ಇಳಿಯುವ ನವಿರಾದ ಧೂಳು ಕಾಣುವುದಿಲ್ಲ, ಯಂತ್ರ ನಿಂತ ಮೇಲೂ ಬಹಳ ಹೊತ್ತು ಗಾಳಿಯಲ್ಲೇ ತೇಲುತ್ತಿರುತ್ತದೆ. ಧೂಳು ಹುಟ್ಟಿದಲ್ಲೇ ಅದನ್ನು ಹೀರುವ ಏರ್ಪಾಡು ಯಾವ ವಿನ್ಯಾಸದಲ್ಲಿ ಸುಲಭ ಎಂಬುದು ಆಯ್ಕೆಯ ದೊಡ್ಡ ಅಂಶ. ಕೋಣೆ ಮನೆಗೆ ಅಂಟಿಕೊಂಡಿದ್ದು, ಮನೆಯಲ್ಲಿ ಮಕ್ಕಳೋ ಉಬ್ಬಸವಿರುವವರೋ ಇದ್ದರೆ ಇದೇ ಮೊದಲ ಅಂಶ.

ಇನ್ನು ಸದ್ದು. ಪ್ಲೇನರ್ ಮತ್ತು ಟೇಬಲ್ ಸಾ ಸಾಮಾನ್ಯವಾಗಿ 90 ಡೆಸಿಬೆಲ್ ದಾಟುತ್ತವೆ. ನಿಮ್ಮ ಕಿವಿಗೆ ರಕ್ಷಣೆ ಹಾಕಿಕೊಳ್ಳಬಹುದು, ಪಕ್ಕದ ಮನೆಯವರಿಗೆ ಹಾಕಲಾಗದು. ವಿದ್ಯುತ್ತು, ಬೆಳಕು, ಖರ್ಚು, ಪ್ರತಿ ಸಲ ಕೆಲಸ ಶುರುಮಾಡಲು ತಗಲುವ ಹೊತ್ತು ಇವುಗಳನ್ನು ಆಯಾ ವಿನ್ಯಾಸದ ಜೊತೆಯಲ್ಲೇ ನೋಡೋಣ.

ಟೇಬಲ್ ಸಾ ನಡುವೆ ನಿಂತ ಕೋಣೆ

ಟೇಬಲ್ ಸಾವನ್ನು ಕೋಣೆಯ ನಡುವೆ ನಿಲ್ಲಿಸಿ, ಅದರ ಹಿಂಬದಿಗೆ ದೊಡ್ಡ ಮೇಜೊಂದನ್ನು ಜೋಡಿಸಿ, ಉಳಿದದ್ದನ್ನೆಲ್ಲ ಸುತ್ತಲಿನ ಗೋಡೆಗಳಿಗೆ ಬಿಡುವುದು ಈ ವಿನ್ಯಾಸ. ಕೊಯ್ದ ಹಲಗೆಯನ್ನು ಹಿಂದಿನ ಮೇಜು ಹೊತ್ತುಕೊಳ್ಳುತ್ತದೆ. ಗರಗಸ ಸುಮ್ಮನಿದ್ದಾಗ ಅದೇ ಮೇಜಿನ ಮೇಲೆ ಅಂಟು ಹಾಕಿ ಜೋಡಿಸುವ ಕೆಲಸವೂ ನಡೆಯುತ್ತದೆ. ಹೀಗೆ ಒಂದೇ ಜಾಗ ಎರಡು ಕೆಲಸಕ್ಕೆ ಒದಗುವುದು ಇದರ ಬಹುದೊಡ್ಡ ಗುಣ. ಈ ಮೇಜು ಗರಗಸದ ಮೇಲ್ಮೈಗಿಂತ ಎರಡು–ಮೂರು ಮಿಲಿಮೀಟರ್ ತಗ್ಗಿರಬೇಕು. ಕೂದಲೆಳೆಯಷ್ಟು ಎತ್ತರವಿದ್ದರೂ ಹಲಗೆಯ ತುದಿ ಅದಕ್ಕೆ ತಾಗಿ, ಕೊಯ್ತದ ನಡುವೆಯೇ ನಿಲ್ಲುತ್ತದೆ; ಬ್ಲೇಡು ತಿರುಗುತ್ತಿರುವಾಗ ಹಲಗೆ ನಡುದಾರಿಯಲ್ಲಿ ನಿಲ್ಲುವುದು ಅಪಾಯ.

ಪ್ಲೈವುಡ್ ಶೀಟುಗಳನ್ನು ಒಂದರ ಮೇಲೊಂದು ಕೊಯ್ಯುವವರಿಗೆ, ಅಂದರೆ ಕಪಾಟು, ವಾರ್ಡ್‌ರೋಬ್ ಮೊದಲಾದವನ್ನು ಮಾಡುವವರಿಗೆ, ಇದಕ್ಕಿಂತ ಸರಾಗವಾದ ವ್ಯವಸ್ಥೆ ಇಲ್ಲ. ಬೆಲೆ ತೆರಬೇಕಾದದ್ದು ಜಾಗದಲ್ಲಿ. 18 ಅಡಿ ಉದ್ದ, 14 ಅಡಿಯಾದರೂ ಅಗಲ ಇಲ್ಲದಿದ್ದರೆ ಗರಗಸದ ಸುತ್ತ ಓಡಾಡಲು ಬೇಕಾದ ಎರಡೂವರೆ–ಮೂರಡಿ ದಾರಿ ಉಳಿಯುವುದಿಲ್ಲ. ನಡುವೆ ನಿಂತ ಯಂತ್ರಕ್ಕೆ ಕರೆಂಟು ಎಲ್ಲಿಂದ ಬರಬೇಕೆಂಬ ಪ್ರಶ್ನೆಯೂ ಇದೆ. ನೆಲದ ಮೇಲೆ ಹರಿದ ವೈರು ಕಾಲಿಗೆ ತೊಡರುತ್ತದೆ, ಗಾಲಿಯ ಅಡಿಗೆ ಸಿಕ್ಕು ಸವೆಯುತ್ತದೆ. ನೆಲದೊಳಗೆ ಪೈಪು ಹಾಕಿಸುವುದು ಅಥವಾ ಮಾಡಿನಿಂದ ಇಳಿಬಿಡುವುದು ಎರಡೇ ದಾರಿ, ಎರಡೂ ಖರ್ಚಿನವು. ಬಾಡಿಗೆ ಮನೆಯಲ್ಲಿರುವವರಿಗೆ ಇದು ಹೊಂದುವುದು ಕಷ್ಟ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಹಲಗೆ ಬ್ಲೇಡಿಗೂ, ಅದನ್ನು ಆನಿಸಿ ತಳ್ಳುವ ಪಕ್ಕದ ನೇರ ಪಟ್ಟಿಯಾದ ಫೆನ್ಸಿಗೂ ನಡುವೆ ಬಿಗಿದುಕೊಂಡಾಗ ಬ್ಲೇಡು ಅದನ್ನು ತಳ್ಳುವವರ ಕಡೆಗೇ ರಭಸದಿಂದ ಎಸೆಯುತ್ತದೆ. ಕಿಕ್‌ಬ್ಯಾಕ್ ಎನ್ನುವುದು ಇದನ್ನೇ. ಆ ನೇರದಲ್ಲಿ ಬಾಗಿಲಾಗಲಿ, ಗಾಜಿನ ಕಿಟಕಿಯಾಗಲಿ, ಇನ್ನೊಬ್ಬರು ನಿಂತು ಕೆಲಸ ಮಾಡುವ ಮೇಜಾಗಲಿ ಇರಕೂಡದು. ಬಾಗಿಲು ನಿಮ್ಮ ಬೆನ್ನ ಹಿಂದೆ ಇದ್ದರೆ ಒಳಬಂದವರು ಕಾಣುವುದಿಲ್ಲ, ಅವರು ಕೂಗಿದಾಗ ನೀವು ತಿರುಗಿ ನೋಡುತ್ತೀರಿ. ಆ ಒಂದು ಗಳಿಗೆಯಲ್ಲಿ ಕೈ ಎಲ್ಲಿರುತ್ತದೆ ಎಂಬುದನ್ನು ನೆನೆದರೆ ಸಾಕು. ಗರಗಸದ ಮುಂದೆ ನಿಂತಾಗ ಬಾಗಿಲು ಕಣ್ಣಂಚಿಗೆ ಕಾಣುವಂತೆ ಯಂತ್ರವನ್ನು ತಿರುಗಿಸಿಡುವುದಕ್ಕೆ ಖರ್ಚೇನೂ ಇಲ್ಲ.

ಗೋಡೆಯ ಗುಂಟ ಯಂತ್ರಗಳು, ನಡುವೆ ಕೆಲಸದ ಮೇಜು

ಉದ್ದವಾಗಿದ್ದು ಅಗಲ ಕಡಿಮೆಯಿರುವ ಕೋಣೆಗೆ, ಉದಾಹರಣೆಗೆ 10 ಅಡಿ ಅಗಲ, 20 ಅಡಿ ಉದ್ದದ ಗ್ಯಾರೇಜಿಗೆ, ಈ ವಿನ್ಯಾಸ ಹೇಳಿಮಾಡಿಸಿದಂತಿರುತ್ತದೆ. ಮರ ಗೋಡೆಗೆ ಸಮಾನಾಂತರವಾಗಿ ಸಾಗುತ್ತದೆ. ಮೈಟರ್ ಸಾ ಒಂದು ಉದ್ದ ಗೋಡೆಯ ನಡುಭಾಗದಲ್ಲಿ ನಿಂತು, ಅದರ ಎರಡೂ ಪಕ್ಕಕ್ಕೆ ಕಿರಿದಾದ ಮೇಜುಗಳು ಚಾಚಿಕೊಂಡರೆ, ಅವುಗಳ ಕೆಳಗೆ ಡ್ರಾಯರ್, ಮೇಲೆ ಹಲಗೆಗಳ ರ‍್ಯಾಕು ಕೂರುತ್ತವೆ. ಹೊರಗಿನಿಂದ ಬಂದ ಹಲಗೆ ನೇರ ರ‍್ಯಾಕಿಗೆ, ರ‍್ಯಾಕಿನಿಂದ ಕೆಳಗಿಳಿದು ಮೈಟರ್ ಸಾಗೆ, ಅಲ್ಲಿಂದ ಪ್ಲೇನರ್‌ಗೆ, ಆಮೇಲೆ ಟೇಬಲ್ ಸಾಗೆ, ಕೊನೆಗೆ ನಡುವಿನ ಮೇಜಿಗೆ. ಮರ ಹಿಂದಕ್ಕೂ ಮುಂದಕ್ಕೂ ಅಲೆಯದೆ ಹೀಗೆ ಒಂದು ಸುತ್ತು ಹಾಕುವುದನ್ನು ನೋಡುವುದೇ ಸೊಗಸು.

ಇಲ್ಲಿ ಎತ್ತರವೇ ಗುಟ್ಟು. ಅಕ್ಕಪಕ್ಕದ ಯಂತ್ರಗಳ ಮೇಲ್ಮೈ ಒಂದೇ ಮಟ್ಟದಲ್ಲಿದ್ದರೆ ಒಂದರಿಂದ ಹೊರಬಂದ ಹಲಗೆ ಇನ್ನೊಂದರ ಮೇಲೆ ಹಾಯಬಹುದು. ಡ್ರಿಲ್ ಪ್ರೆಸ್ಸಿನ ತಟ್ಟೆಯನ್ನು ಪಕ್ಕದ ಮೇಜಿಗಿಂತ ತುಸು ಎತ್ತರಕ್ಕೆ ಏರಿಸಿಕೊಂಡರೆ ಉದ್ದ ಪಟ್ಟಿ ಅದರ ಮೇಲೆ ಅಡೆತಡೆಯಿಲ್ಲದೆ ಚಾಚುತ್ತದೆ. ಟೇಬಲ್ ಸಾವನ್ನು ಗೋಡೆಗೆ ಹತ್ತಿರ ಇಡಲೇಬೇಕಾದರೆ ಫೆನ್ಸಿರುವ ಬಲಬದಿಯನ್ನು ಗೋಡೆಗೆ ಕೊಟ್ಟು ಎಡಬದಿಯನ್ನು ತೆರವಾಗಿ ಬಿಡಬೇಕು. ಆಗ ಅಡ್ಡ ಕೊಯ್ಯುವುದಕ್ಕೆ ಎಡಗಡೆ ಜಾಗ ಉಳಿಯುತ್ತದೆ. ಅಗಲ ಶೀಟುಗಳನ್ನು ಸೀಳುವ ಸೌಲಭ್ಯ ಮಾತ್ರ ಕುಗ್ಗುತ್ತದೆ. ಉದ್ದ ಸಾಲದಿದ್ದಾಗ ಯಂತ್ರದ ಹಿಂಬದಿಯನ್ನು ಬಾಗಿಲಿಗೋ ಕಿಟಕಿಗೋ ನೇರವಾಗಿ ನಿಲ್ಲಿಸಿ, ಹಲಗೆಯ ತುದಿಯನ್ನು ಹೊರಗೆ ಚಾಚಲು ಬಿಡುವುದು ಹಳೆಯ ಉಪಾಯ. ವರ್ಷಕ್ಕೊಮ್ಮೆ ಬರುವ ಉದ್ದ ಕೆಲಸಕ್ಕಾಗಿ ಗೋಡೆ ಒಡೆಯುವುದಕ್ಕಿಂತ ಇದು ಮೇಲು. ಆದರೆ ತುದಿ ಬಾಗಿಲಾಚೆ ಚಾಚಿರುವಾಗ ಆ ಕಡೆಯಿಂದ ಯಾರೂ ಬರದಂತೆ ನೋಡಿಕೊಳ್ಳಲೇಬೇಕು.

ಧೂಳಿನ ವಿಚಾರದಲ್ಲಿ ಈ ವಿನ್ಯಾಸವೇ ಎಲ್ಲಕ್ಕಿಂತ ಮುಂದೆ. ಧೂಳು ಹೀರುವ ಯಂತ್ರವಾದ ಡಸ್ಟ್ ಕಲೆಕ್ಟರ್‌ನಿಂದ ಹೊರಟ ಒಂದೇ ಮುಖ್ಯ ಪೈಪು ಗೋಡೆಯ ಗುಂಟ ಓಡಿ, ಪ್ರತಿ ಯಂತ್ರಕ್ಕೂ ಒಂದು ಗಿಡ್ಡ ಕವಲನ್ನು ಕೊಡುತ್ತದೆ. 6 ಇಂಚು ಪೈಪಿನ ಬಾಯಿ 4 ಇಂಚಿನದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು. ಯಂತ್ರ ಎಷ್ಟೇ ಬಲವಾಗಿದ್ದರೂ ಪೈಪು ಸಣ್ಣದಾದರೆ ಗಾಳಿ ಹರಿಯುವುದಿಲ್ಲ. ಸುರುಳಿ ಸುರುಳಿಯಾದ ಮೆದು ಪೈಪು ಒಳಗಡೆ ಗಾಳಿಯನ್ನು ತಡೆಯುವುದರಿಂದ, ನೇರ ಗಟ್ಟಿ ಪೈಪು ಹಾಕಿಸಿ ಕೊನೆಯ ಒಂದೆರಡು ಅಡಿಗೆ ಮಾತ್ರ ಮೆದು ಪೈಪು ಬಳಸಬೇಕು. ವೈರಿಂಗ್ ಕೂಡ ಗೋಡೆಯಲ್ಲೇ ಮುಗಿಯುತ್ತದೆ, ಆದ್ದರಿಂದ ನಡುವೆ ಗರಗಸವಿಟ್ಟ ಕೋಣೆಗಿಂತ ಖರ್ಚು ಕಡಿಮೆ. ಕೆಲಸದ ಮೇಜು ನಡುವೆ ಇರುವುದರಿಂದ ನಾಲ್ಕೂ ಕಡೆಯಿಂದ ಕ್ಲಾಂಪ್ ಹಾಕಬಹುದು.

ಕೊರತೆಯೆಂದರೆ ಇದು ಒಮ್ಮೆ ಕೂತರೆ ಕದಲದ ವಿನ್ಯಾಸ. ನಾಳೆ ಇನ್ನೊಂದು ಯಂತ್ರ ಬಂದರೆ ಸಾಲು ಪೂರ್ತಿ ಸರಿಯಬೇಕಾಗುತ್ತದೆ.

ಎಲ್ಲಕ್ಕೂ ಗಾಲಿ

ಹಗಲು ಕಾರು ನಿಲ್ಲುವ ಗ್ಯಾರೇಜು, ಅತಿಥಿಗಳು ಬಂದಾಗ ಬಿಟ್ಟುಕೊಡಬೇಕಾದ ಕೋಣೆ ಇಂಥ ಕಡೆ ಯಂತ್ರಗಳಿಗೆ ಗಾಲಿ ಹಾಕಿಸದೆ ಗತ್ಯಂತರವಿಲ್ಲ. ಕೆಲಸವಿಲ್ಲದಾಗ ಎಲ್ಲವೂ ಒಂದು ಗೋಡೆಗೆ ಸೇರುತ್ತವೆ. ಕೆಲಸವಿದ್ದಾಗ ಬೇಕಾದ ಯಂತ್ರವೊಂದೇ ನಡುವಿಗೆ ಬಂದು ಕೋಣೆಯ ಪೂರ್ತಿ ಉದ್ದವನ್ನು ಬಳಸಿಕೊಳ್ಳುತ್ತದೆ. ಚಿಕ್ಕ ಕೋಣೆಯಲ್ಲಿ ದೊಡ್ಡ ಕೆಲಸ ಮಾಡುವ ಜಾಣತನ ಇದರಲ್ಲಿದೆ. ಮೇಲ್ಭಾಗ ಮಗುಚಿಕೊಳ್ಳುವ ಗಾಡಿಯ ಒಂದು ಮೈಗೆ ಪ್ಲೇನರ್, ಇನ್ನೊಂದು ಮೈಗೆ ಮರವನ್ನು ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಬಿಗಿದರೆ ಎರಡು ಯಂತ್ರಗಳು ಒಂದರ ಜಾಗದಲ್ಲಿ ನಿಲ್ಲುತ್ತವೆ.

ಆದರೆ ಗಾಲಿಯ ವಿನ್ಯಾಸ ಅಗ್ಗವೆಂಬ ನಂಬಿಕೆ ಪೂರ್ತಿ ನಿಜವಲ್ಲ. ತಿರುಗುವುದನ್ನೂ ಉರುಳುವುದನ್ನೂ ಒಟ್ಟಿಗೆ ತಡೆಯುವ ಬೀಗವಿರುವ ಗಾಲಿಗಳೇ ಬೇಕು. ಉರುಳುವುದನ್ನು ಮಾತ್ರ ತಡೆಯುವ ಗಾಲಿಯ ಮೇಲೆ ಯಂತ್ರ ಓಲಾಡುತ್ತದೆ. ಪ್ಲೇನರ್‌ನಂಥ ಭಾರವನ್ನು ಎತ್ತರದ, ಕಿರಿದಾದ ಗಾಡಿಯ ಮೇಲಿಟ್ಟು ಎಳೆದರೆ ನೆಲದ ಸಣ್ಣ ಬಿರುಕಿಗೆ ಗಾಲಿ ಸಿಕ್ಕಿಕೊಂಡಾಗ ಮಗುಚಿ ಬೀಳಬಹುದು, ಆದ್ದರಿಂದ ಅಡಿಪಾಯ ಅಗಲವಾಗಿರಬೇಕು. ಗ್ಯಾರೇಜಿನ ನೆಲ ನೀರು ಹರಿಯಲೆಂದು ಇಳಿಜಾರಾಗಿರುವುದು ಸಾಮಾನ್ಯ. ಗರಗಸವನ್ನು ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲಿಸಿದರೆ ಅದರ ಮತ್ತು ಹಿಂದಿನ ಮೇಜಿನ ಮಟ್ಟ ಪ್ರತಿ ಸಲವೂ ತಪ್ಪುತ್ತದೆ. ಸರಿಹೊಂದುವ ಒಂದು ಜಾಗವನ್ನು ಕಂಡುಕೊಂಡು ನೆಲದ ಮೇಲೆ ಬಣ್ಣದಿಂದ ಗುರುತು ಹಾಕಿ, ಯಾವಾಗಲೂ ಅಲ್ಲೇ ನಿಲ್ಲಿಸುವುದು ಇದಕ್ಕೆ ಮದ್ದು.

ಹೊತ್ತಿನ ಮಾತು ಇದಕ್ಕಿಂತ ಗಂಭೀರ. ಯಂತ್ರ ಹೊರಗೆಳೆಯುವುದು, ಬೀಗ ಹಾಕುವುದು, ಧೂಳಿನ ಪೈಪು ಸಿಕ್ಕಿಸುವುದು, ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಒಳಗೆ ತಳ್ಳುವುದು ಇಷ್ಟು ಸೇರಿದಾಗ, ಸಂಜೆ ಸಿಗುವ ಸ್ವಲ್ಪ ಬಿಡುವಿನಲ್ಲಿ ಕೆಲಸಕ್ಕಿಳಿಯುವ ಮನಸ್ಸೇ ಹಿಂಜರಿಯುತ್ತದೆ. ವಾರಾಂತ್ಯದಲ್ಲಿ ಇಡೀ ದಿನ ಸಿಗುವವರಿಗೆ ಇದು ಭಾರವಲ್ಲ. ದಿನವೂ ಒಂದಿಷ್ಟು ಹೊತ್ತು ಮಾತ್ರ ಸಿಗುವವರು ಇದನ್ನು ಆರಿಸಿಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು.

ಕೆಲಸದ ಮೇಜೇ ಕೇಂದ್ರವಾದ ಕೈಗೆಲಸದ ಕೋಣೆ

8 ಅಡಿಗೆ 10 ಅಡಿಯ ಕೋಣೆ, ಕೆಳಗೂ ಮೇಲೂ ಬೇರೆಯವರ ಮನೆ. ಇಂಥಲ್ಲಿ ಕೈಗರಗಸ, ಉಳಿ, ಕೀಸುಳಿಗಳ ದಾರಿಯೇ ದಾರಿ. ಇದನ್ನು ಬೇರೆ ಏನೂ ಸಿಗದವರ ಪಾಲಿನ ಆಯ್ಕೆ ಎಂದು ನೋಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೀಸುಳಿಯಿಂದ ಹೊರಬರುವುದು ಸುರುಳಿ ಸುರುಳಿಯಾದ ಹೆರಕಲು. ಅದು ಗಾಳಿಗೆ ಏರದೆ ಕಾಲ ಬಳಿಯೇ ಬೀಳುತ್ತದೆ. ಸದ್ದು ಕಡಿಮೆ, ರಾತ್ರಿಯ ಹೊತ್ತಿನಲ್ಲೂ ಕೆಲಸ ಸಾಗುತ್ತದೆ. ಕೊಡತಿಯ ಪೆಟ್ಟನ್ನು ಮೇಜಿನ ಕಾಲಿನ ನೇರಕ್ಕೆ ಕೊಟ್ಟರೆ ಹಲಗೆ ಅದುರುವುದೂ ತಗ್ಗುತ್ತದೆ, ಮೇಜಿನ ಕಾಲಿನ ಅಡಿಗೆ ದಪ್ಪ ರಬ್ಬರ್ ಕೊಟ್ಟರೆ ಕೆಳಮನೆಗೆ ಇಳಿಯುವ ಸದ್ದೂ ತಗ್ಗುತ್ತದೆ.

ವಿನ್ಯಾಸವೆಲ್ಲ ಮೇಜಿನ ಸುತ್ತ ಹೆಣೆದುಕೊಳ್ಳಬೇಕು. ಐದಾರು ಅಡಿ ಉದ್ದ, ಎರಡಡಿಯೊಳಗಿನ ಅಗಲ ಸಾಕು. ತೂಕ ಮಾತ್ರ ಹೆಚ್ಚಿದಷ್ಟೂ ಒಳ್ಳೆಯದು, ಹಗುರ ಮೇಜು ಕೀಸುಳಿಯ ಜೊತೆಗೇ ಸರಿಯುತ್ತದೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಬರುವ ಎತ್ತರ ಕೀಸುವುದಕ್ಕೆ ಸರಿ. ಗುರುತು ಹಾಕುವ, ಜೋಡಣೆಯ ಕೀಲು ಕೆತ್ತುವ ನವಿರು ಕೆಲಸಕ್ಕೆ ಅದಕ್ಕಿಂತ ಎತ್ತರ ಬೇಕಾದ್ದರಿಂದ ಮೇಜಿನ ಮೇಲೆ ಇಟ್ಟುಕೊಳ್ಳುವ ಚಿಕ್ಕ ಪೀಠವೊಂದನ್ನು ಮಾಡಿಕೊಳ್ಳಬಹುದು. ಬಲಗೈ ಬಳಸುವವರು ಬಲದಿಂದ ಎಡಕ್ಕೆ ಕೀಸುತ್ತಾರೆ, ಆದ್ದರಿಂದ ಮರವನ್ನು ಬಿಗಿಹಿಡಿಯುವ ವೈಸ್ ಎಡತುದಿಯಲ್ಲಿರಬೇಕು, ಆ ತುದಿಯಾಚೆ ಒಂದು ಹೆಜ್ಜೆ ಇಡುವಷ್ಟು ತೆರವೂ ಇರಬೇಕು. ಮೇಜನ್ನು ಕಿಟಕಿಯ ಕೆಳಗೆ ಇಟ್ಟರೆ ಬೆಳಕು ಮರದ ಮೇಲೆ ಓರೆಯಾಗಿ ಬಿದ್ದು, ಕೀಸಿದ ಮೈಯಲ್ಲಿನ ಏರುತಗ್ಗು ನೆರಳಾಗಿ ಕಾಣುತ್ತದೆ. ಮಾಡಿನ ದೀಪ ನೇರ ಮೇಲಿನಿಂದ ಬೀಳುವಾಗ ಈ ಏರುತಗ್ಗು ಕಣ್ತಪ್ಪಿಸಿಕೊಳ್ಳುತ್ತದೆ.

ಇದರ ಮಿತಿಗಳೂ ಸ್ಪಷ್ಟ. ಒರಟು ಹಲಗೆಯನ್ನು ಕೈಯಲ್ಲೇ ಸಪಾಟು ಮಾಡುವುದು ಶ್ರಮದ ಕೆಲಸ. ಉಳಿ ಮಸೆಯುವುದನ್ನು ಕಲಿಯದೆ ಈ ದಾರಿಯಲ್ಲಿ ಒಂದು ಹೆಜ್ಜೆಯೂ ಸಾಗದು. ಪೂರ್ಣ ಪ್ಲೈವುಡ್ ಶೀಟನ್ನು ಇಲ್ಲಿ ಕೊಯ್ಯುವ ಹಟ ಬೇಡ, ಕೊಳ್ಳುವಲ್ಲೇ ಅಳತೆಗೆ ಕೊಯ್ಸಿಕೊಂಡು ಬರಬಹುದು. ಕೊಯ್ಯಲೇಬೇಕಾದರೆ ದಪ್ಪ ಫೋಮ್ ಹಾಳೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಶೀಟನ್ನು ಮಲಗಿಸಿ, ಹಳಿಯ ಮೇಲೆ ಜಾರುವ ಟ್ರ್ಯಾಕ್ ಸಾದಿಂದ ಕೊಯ್ದರೆ ದೊಡ್ಡ ಗರಗಸದ ಅಗತ್ಯವೇ ಬೀಳುವುದಿಲ್ಲ.

ಯಾವುದನ್ನು ಆರಿಸಿದರೂ ಬಿಡಲಾಗದವು

ದೀಪಗಳ ಸರ್ಕ್ಯೂಟು ಬೇರೆ, ಯಂತ್ರಗಳದು ಬೇರೆ ಇರಬೇಕು. ಭಾರ ಹೆಚ್ಚಾಗಿ, ಕರೆಂಟು ಕಡಿಯುವ ಸ್ವಿಚ್ಚು (ಎಂಸಿಬಿ) ಬಿದ್ದಾಗ ದೀಪವೂ ಆರಿದರೆ, ಇನ್ನೂ ತಿರುಗುತ್ತಿರುವ ಬ್ಲೇಡಿನ ಮುಂದೆ ನೀವು ಕತ್ತಲಲ್ಲಿ ನಿಂತಿರುತ್ತೀರಿ. ಡಸ್ಟ್ ಕಲೆಕ್ಟರ್ ಯಾವಾಗಲೂ ಇನ್ನೊಂದು ಯಂತ್ರದ ಜೊತೆಯಲ್ಲೇ ಓಡುವುದರಿಂದ ಅದಕ್ಕೂ ಪ್ರತ್ಯೇಕ ಸರ್ಕ್ಯೂಟು ಬೇಕು. ಪಾಲಿಶ್ ಮಾಡುವ ಮೂಲೆಯನ್ನು ಗರಗಸದಿಂದ ದೂರವಿಡಿ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊಟ್ಟು ತುಂಬಿದ ಕೋಣೆಯಲ್ಲಿ ಇದಕ್ಕಿಂತ ದೊಡ್ಡ ಕಂಟಕವಿಲ್ಲ. ಬಟ್ಟೆಯನ್ನು ಹೊರಗೆ ಒಂಟಿಯಾಗಿ ಹರಡಿ, ಪೂರ್ತಿ ಒಣಗಿದ ಮೇಲೆಯೇ ಬಿಸಾಡಬೇಕು.

ಹಾಗಾದರೆ ಯಾರಿಗೆ ಯಾವುದು?

ಶೀಟುಗಳ ಕೆಲಸವೇ ಮುಖ್ಯವಾಗಿದ್ದು, ಕೋಣೆ ದೊಡ್ಡದಾಗಿದ್ದು, ವೈರಿಂಗಿಗೆ ಕೈಬಿಚ್ಚಿ ಖರ್ಚು ಮಾಡಬಲ್ಲವರು ಮೊದಲನೆಯದನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು. ಗಟ್ಟಿ ಮರದಲ್ಲಿ ಕುರ್ಚಿ, ಮೇಜು, ಚೌಕಟ್ಟುಗಳನ್ನು ಮಾಡುವವರಿಗೆ ಗೋಡೆಯ ಗುಂಟದ ವಿನ್ಯಾಸ ಸೂಕ್ತ. ಜಾಗ ಹಂಚಿಕೊಳ್ಳಬೇಕಾದವರಿಗೆ, ಬಾಡಿಗೆಯಲ್ಲಿರುವವರಿಗೆ ಗಾಲಿ. ಸದ್ದು ಮತ್ತು ಧೂಳನ್ನು ಸಹಿಸಲಾಗದ ಮನೆಯಲ್ಲಿ, ಅಥವಾ ಈಗಷ್ಟೇ ಕಲಿಯತೊಡಗಿದವರಿಗೆ ಕೈಗೆಲಸದ ಮೇಜು. ಮುಂದೆ ಯಂತ್ರಗಳು ಬಂದರೂ ಆ ಮೇಜು ವ್ಯರ್ಥವಾಗುವುದಿಲ್ಲ. ಹೆಚ್ಚಿನವರ ಕೋಣೆ ಈ ನಾಲ್ಕರ ಮಿಶ್ರಣವಾಗಿರುತ್ತದೆ. ಒಂದನ್ನೇ ಹೇಳೆಂದರೆ ನಾನು ಹೇಳುವುದು ಹೀಗೆ: ಮೈಟರ್ ಸಾ, ಡ್ರಿಲ್ ಪ್ರೆಸ್, ರ‍್ಯಾಕುಗಳು ಗೋಡೆಗೆ, ಟೇಬಲ್ ಸಾ ಮತ್ತು ಪ್ಲೇನರ್ ಮಾತ್ರ ಗಾಲಿಯ ಮೇಲೆ, ಮೇಜು ಕಿಟಕಿಯ ಹತ್ತಿರ. ಹಣ ಕಡಿಮೆಯಿದ್ದರೆ ಯಂತ್ರಗಳ ಸಂಖ್ಯೆಯನ್ನು ಇಳಿಸಿ. ಬೆಳಕು, ವೈರಿಂಗ್, ಧೂಳು ಈ ಮೂರರ ಖರ್ಚಿನಲ್ಲಿ ಕೈ ಬಿಗಿ ಮಾಡಬೇಡಿ.

ತೀರ್ಮಾನಕ್ಕೆ ಮುನ್ನ ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ಕೋಣೆಯ ನಕ್ಷೆ ಬರೆಯಿರಿ. ಅದೇ ಲೆಕ್ಕದಲ್ಲಿ ರಟ್ಟಿನ ತುಂಡುಗಳಾಗಿ ಯಂತ್ರಗಳನ್ನು ಕತ್ತರಿಸುವಾಗ, ಪ್ರತಿಯೊಂದರ ಜೊತೆಗೂ ನೀವು ಕೊಯ್ಯುವ ಅತಿ ಉದ್ದದ ಹಲಗೆಯ ತುಂಡೊಂದನ್ನೂ ಕತ್ತರಿಸಿಕೊಂಡು, ಅದನ್ನು ಯಂತ್ರದ ಮೇಲೆ ಹಾಯಿಸಿ ನೋಡಿ. ನಕ್ಷೆಯಲ್ಲಿ ಸರಿಕಂಡದ್ದನ್ನು ನೆಲದ ಮೇಲೆ ಟೇಪಿನಿಂದ ಪೂರ್ಣ ಗಾತ್ರಕ್ಕೆ ಗುರುತಿಸಿ, ಕೈಯಲ್ಲಿ 8 ಅಡಿಯ ಪಟ್ಟಿಯೊಂದನ್ನು ಹಿಡಿದು ಬಾಗಿಲಿನಿಂದ ರ‍್ಯಾಕಿಗೆ, ರ‍್ಯಾಕಿನಿಂದ ಗರಗಸಕ್ಕೆ, ಗರಗಸದಿಂದ ಮೇಜಿಗೆ ನಡೆದು ನೋಡಿದರೆ ಪಟ್ಟಿ ಎಲ್ಲಿ ತಾಗುತ್ತದೆಂಬುದು ಅಲ್ಲೇ ತಿಳಿಯುತ್ತದೆ. ಎರಡು ವಿನ್ಯಾಸಗಳ ನಡುವೆ ಆಗಲೂ ಮನಸ್ಸು ತೂಗಾಡುತ್ತಿದ್ದರೆ, ಮೊದಲ ಒಂದೆರಡು ಕೆಲಸಗಳು ಮುಗಿಯುವ ತನಕ ಧೂಳಿನ ಪೈಪನ್ನು ಗೋಡೆಗೆ ಬಿಗಿಯದೆ ಸಡಿಲವಾಗಿ ಜೋಡಿಸಿಟ್ಟು, ಯಂತ್ರಗಳನ್ನು ನೆಲಕ್ಕೆ ಬೋಲ್ಟ್ ಹಾಕದೆ ನಡೆಸಬಹುದಾದಷ್ಟು ಮಟ್ಟಿಗೆ ಹಾಗೆಯೇ ನಡೆಸಿ, ಆಮೇಲೆ ಖಾಯಂ ಮಾಡಿಕೊಳ್ಳಿ.